ಫಿಟ್ಸ್ ಇರುವವರಿಗೆ ಡಿಎಲ್: ಏಜೆಂಟ್ 'ಇಲ್ಲ ಅಂತ ಹಾಕಿ' ಅಂದರೆ ಏನು ಮಾಡಬೇಕು?

ಪ್ರಶ್ನೆ: "ಸರ್, ನನ್ನ ತಮ್ಮನಿಗೆ ಈಗ 26 ವರ್ಷ. ಪಿಯುಸಿ ಓದುವಾಗ ಮೊದಲ ಸಲ ಫಿಟ್ಸ್ ಬಂತು, ಆಮೇಲೆ ಐದಾರು ಸಲ ಬಂದಿದೆ. ಕೊನೇ ಸಲ ಬಂದು ನಾಲ್ಕು ವರ್ಷ ಆಯ್ತು. ದಿನಾ ರಾತ್ರಿ ಒಂದು ಮಾತ್ರೆ ತಗೊಳ್ತಾನೆ. ಈಗ ಒಂದು ಒಳ್ಳೇ ಕೆಲಸ ಸಿಕ್ಕಿದೆ, ಆದರೆ ಬೈಕು, ಡಿಎಲ್ ಎರಡೂ ಇರಲೇಬೇಕಂತೆ. ಡಿಎಲ್ ಮಾಡಿಸೋಕೆ ಹೋದರೆ ಏಜೆಂಟ್, 'ಕಾಯಿಲೆ ಕಾಲಂನಲ್ಲಿ ಇಲ್ಲ ಅಂತ ಹಾಕಿ, ಯಾರೂ ಚೆಕ್ ಮಾಡಲ್ಲ' ಅಂದರು. ನಮ್ಮ ಮಾವ, 'ಒಂದು ಸಲ ಫಿಟ್ಸ್ ಬಂದವರಿಗೆ ಜೀವಮಾನದಲ್ಲಿ ಲೈಸೆನ್ಸ್ ಇಲ್ಲ' ಅಂತಾರೆ. ಪಕ್ಕದ ಮನೆಯವರು, 'ಕಿವಿ ಕೇಳಿಸದವರಿಗೇ ಕೊಡ್ತಾರಂತೆ, ಇವನಿಗೆ ಯಾಕೆ ಕೊಡಲ್ಲ' ಅಂತಾರೆ. ಡಾಕ್ಟರು, 'ಈಗ ಚೆನ್ನಾಗಿದ್ದಾನಲ್ಲ' ಅಂದರೇ ಹೊರತು ಗಾಡಿ ಓಡಿಸಬಹುದು ಅಂತ ಬರೆದು ಕೊಡಲಿಲ್ಲ. ಯಾರ ಮಾತು ಸರಿ? ಇನ್ನೊಂದು ವಿಷಯ. ನನ್ನ ಮಗನಿಗೆ ಮುಂದಿನ ತಿಂಗಳು 16 ತುಂಬುತ್ತೆ. ಗೇರ್ ಇಲ್ಲದ ಸ್ಕೂಟರ್‌ಗೆ 16ಕ್ಕೇ ಲೈಸೆನ್ಸ್ ಸಿಗುತ್ತೆ ಅಂತ ಹಟ ಹಿಡಿದಿದ್ದಾನೆ. ಮಾಡಿಸಬಹುದಾ?"

ಉತ್ತರ:

ನೋಡಿಮ್ಮ, ನಾಲ್ಕು ಜನ ನಾಲ್ಕು ಮಾತು ಹೇಳಿದ್ದಾರೆ. ನಾಲ್ಕರಲ್ಲೂ ಅಷ್ಟಿಷ್ಟು ನಿಜ ಇದೆ, ಅದಕ್ಕೇ ನಿಮಗೆ ಇಷ್ಟು ಗೊಂದಲ. ಏಜೆಂಟ್ ಹೇಳಿದ್ದರಲ್ಲೂ ನಿಜ ಇದೆ. ಎಷ್ಟು ನಿಜ ಅನ್ನೋದು ಗೊತ್ತಿರಬೇಕು, ಅಷ್ಟೇ.

ನಾನು ಸಾರಿಗೆ ಇಲಾಖೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದವನು. ಜನ ಕರೆಯುವ ಹೆಸರು ಬ್ರೇಕ್ ಇನ್‌ಸ್ಪೆಕ್ಟರ್. ಟೆಸ್ಟ್ ಟ್ರ್ಯಾಕ್ ಪಕ್ಕ ನಿಂತು ಹುಡುಗರು 8 ಹಾಕುವುದನ್ನು ನೋಡೋದು ಅರ್ಧ ಕೆಲಸ. ಇನ್ನರ್ಧ, ಅಪಘಾತ ಆದ ಗಾಡಿಗಳನ್ನು ಪೊಲೀಸ್ ಸ್ಟೇಷನ್‌ಗೆ ಹೋಗಿ ಪರೀಕ್ಷೆ ಮಾಡಿ ವರದಿ ಕೊಡೋದು. ಆ ಹೆಸರು ಬಂದಿದ್ದೇ ಅದರಿಂದ. ನಿಮ್ಮ ಪ್ರಶ್ನೆಗೆ ಈ ಎರಡೂ ಕೆಲಸದ ಅನುಭವ ಬೇಕಾಗುತ್ತೆ.

ನಿಮ್ಮ ಪತ್ರದಲ್ಲಿ ತಮ್ಮನ ವಿಷಯ ಒಂದೇ ಪ್ರಶ್ನೆಯ ಹಾಗೆ ಕಂಡರೂ ಅದರೊಳಗೆ ಎರಡಿವೆ. ಕಾನೂನು ಅವನಿಗೆ ಡಿಎಲ್ ಕೊಡುತ್ತಾ ಅನ್ನೋದು ಒಂದು. ಅವನು ಬೈಕ್ ಓಡಿಸಬಹುದಾ ಅನ್ನೋದು ಇನ್ನೊಂದು. ಏಜೆಂಟ್ ಹೇಳಿದ್ದು ಬರೀ ಮೊದಲನೆಯದಕ್ಕೆ ಉತ್ತರ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ: ಅರ್ಜಿದಾರನ ಕಾಯಿಲೆ ಅಥವಾ ಅಂಗವೈಕಲ್ಯದಿಂದ ಅವನು ಗಾಡಿ ಓಡಿಸುವುದು ಜನರಿಗೆ ಅಪಾಯ ತರುವ ಹಾಗಿದ್ದರೆ ಅಧಿಕಾರಿ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಕೊಡಬಾರದು. ಎಲ್‌ಎಲ್ ಇಲ್ಲದೆ ಡಿಎಲ್ ಇಲ್ಲ. ಯಾವ ಕಾಯಿಲೆ ಅಂತ ಗೊತ್ತಾಗೋದು ಫಾರಂ 1 ಅನ್ನೋ ಸ್ವಯಂ ಘೋಷಣೆಯಿಂದ. ಈಗ ಆನ್‌ಲೈನ್‌ನಲ್ಲೇ ತುಂಬೋದರಿಂದ ಹತ್ತರಲ್ಲಿ ಒಂಬತ್ತು ಜನ ಅದನ್ನು ಓದದೇ ಒತ್ತಿ ಮುಂದೆ ಹೋಗುತ್ತಾರೆ. ಅದರ ಮೊದಲ ಪ್ರಶ್ನೆಯೇ ಇದು: ನಿಮಗೆ ಅಪಸ್ಮಾರ, ಅಂದರೆ ಮೂರ್ಛೆ ರೋಗ ಇದೆಯಾ, ಅಥವಾ ಯಾವುದೇ ಕಾರಣದಿಂದ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆ ತಿರುಗುವುದು ಇದೆಯಾ? ಆಮೇಲೆ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ, ಕೈಕಾಲು ಸರಿ ಇದೆಯಾ, ಬಣ್ಣ ಗೊತ್ತಾಗುತ್ತಾ, ಇರುಳುಗಣ್ಣು ಇದೆಯಾ, ಹಾರ್ನ್ ಸದ್ದು ಕೇಳಿಸುತ್ತಾ ಅಂತ ಸಾಲಾಗಿ ಕೇಳುತ್ತೆ.

'ಕೊನೇ ಸಲ ಫಿಟ್ಸ್ ಯಾವಾಗ ಬಂತು' ಅಂತ ಮಾತ್ರ ಅದು ಕೇಳಲ್ಲ. ಹೋದ ವಾರ ಬಂದವನೂ ನಾಲ್ಕು ವರ್ಷದ ಹಿಂದೆ ಬಂದವನೂ ಆ ಪ್ರಶ್ನೆಗೆ ಒಂದೇ.

ಈಗ ಏಜೆಂಟ್ ಮಾತಿಗೆ ಬರೋಣ. ಯಾರೂ ಚೆಕ್ ಮಾಡಲ್ಲ ಅಂದರಲ್ಲ, ಅದು ನಿಜ. 40 ವರ್ಷದ ಒಳಗಿನವರು ಸ್ವಂತ ಗಾಡಿಗೆ ಡಿಎಲ್ ಮಾಡಿಸುವಾಗ ಡಾಕ್ಟರ್ ಸರ್ಟಿಫಿಕೇಟ್ ಬೇಕಿಲ್ಲ. ಫಾರಂ 1ಎ ಅನ್ನೋ ವೈದ್ಯಕೀಯ ಪ್ರಮಾಣಪತ್ರ ಬೇಕಾಗೋದು 40 ದಾಟಿದವರಿಗೆ, ಲಾರಿ, ಬಸ್ಸು, ಟ್ಯಾಕ್ಸಿಯಂಥ ಸಾರಿಗೆ ವಾಹನದ ಲೈಸೆನ್ಸ್ ಕೇಳುವವರಿಗೆ. ಹಾಗಾಗಿ ನಿಮ್ಮ ತಮ್ಮನ ತಲೆಯೊಳಗೆ ಏನಿದೆ ಅಂತ ಆರ್‌ಟಿಒ ಕಚೇರಿಯಲ್ಲಿ ಯಾರಿಗೂ ಗೊತ್ತಾಗಲ್ಲ. ಟ್ರ್ಯಾಕ್ ಮೇಲೆ ನನಗೂ ಗೊತ್ತಾಗುತ್ತಿರಲಿಲ್ಲ. 8 ಹಾಕುವ ಎರಡು ನಿಮಿಷದಲ್ಲಿ ಕಾಲು ಕೆಳಗಿಟ್ಟನಾ, ಇಂಡಿಕೇಟರ್ ಹಾಕಿದನಾ ಅಂತ ನೋಡಬಹುದು, ಅಷ್ಟೇ. ನಾಲ್ಕು ವರ್ಷಕ್ಕೊಮ್ಮೆ ಬರುವ ಫಿಟ್ಸ್ ಆ ಎರಡು ನಿಮಿಷದಲ್ಲಿ ಬರುತ್ತಾ?

ಅದಕ್ಕೇ ಕಾನೂನು ಆ ಪ್ರಶ್ನೆಯನ್ನು ಅರ್ಜಿದಾರನನ್ನೇ ಕೇಳಿ ಸಹಿ ಹಾಕಿಸಿಕೊಳ್ಳುತ್ತೆ. ಮೇಲಿನದೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಅಂತ ಬರೆದು ಸಹಿ ಹಾಕುವವನು ನಿಮ್ಮ ತಮ್ಮ, ಏಜೆಂಟ್ ಅಲ್ಲ. ಏಜೆಂಟ್ ಹೆಸರು ಆ ಕಾಗದದ ಯಾವ ಮೂಲೆಯಲ್ಲೂ ಇರಲ್ಲ. ಚೆಕ್ ಮಾಡೋದು ಆಮೇಲೆ, ಏನಾದರೂ ಆದ ಮೇಲೆ.

ಒಂದು ಸಲ ಸ್ಟೇಷನ್ ಆವರಣದಲ್ಲಿ ನಿಂತಿದ್ದ ಬಿಳಿ ಕಾರೊಂದನ್ನು ನೋಡಲು ಕರೆದಿದ್ದರು. ನೇರ ರಸ್ತೆ, ಹಗಲು ಹೊತ್ತು, ಎದುರಿಗೆ ಗಾಡಿ ಇಲ್ಲ. ಆದರೂ ಕಾರು ರಸ್ತೆ ಬಿಟ್ಟು ಇಳಿದು ಬಸ್ ಕಾಯುತ್ತಿದ್ದವರ ಕಡೆ ನುಗ್ಗಿತ್ತು. ಬ್ರೇಕ್ ಪೆಡಲ್ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಬ್ರೇಕ್ ಆಯಿಲ್ ಮಟ್ಟ ಸರಿ ಇತ್ತು. ಸ್ಟೀರಿಂಗ್ ಸರಿ, ಟೈರ್ ಸರಿ. ಜಾಗಕ್ಕೆ ಹೋಗಿ ನೋಡಿದರೆ ಟಾರಿನ ಮೇಲೆ ಟೈರ್ ಉಜ್ಜಿದ ಗುರುತು ಒಂದು ಗೇಣೂ ಇಲ್ಲ. ಬ್ರೇಕ್ ಚೆನ್ನಾಗೇ ಇತ್ತು, ಒತ್ತಿದವರು ಯಾರೂ ಇರಲಿಲ್ಲ. ವಾಪಸ್ ಬಂದು ಡ್ಯಾಶ್‌ಬೋರ್ಡ್ ಪೆಟ್ಟಿಗೆ ತೆಗೆದರೆ ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಮಧ್ಯೆ ಒಂದು ಮಾತ್ರೆ ಸ್ಟ್ರಿಪ್. ಹತ್ತರಲ್ಲಿ ಮೂರು ಖಾಲಿ. ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಅದರ ಹಿಂದಿನ ಹೆಸರನ್ನು ಓದಿ, 'ಇದು ನಮ್ಮ ಭಾವಮೈದನಿಗೂ ಕೊಟ್ಟಿದ್ದಾರೆ ಸಾರ್, ಫಿಟ್ಸ್‌ಗೆ' ಅಂದರು. ಅಷ್ಟೇ. ಆರ್‌ಟಿಒ ಕಚೇರಿಯಲ್ಲಿ ಯಾರೂ ಮಾಡದ ಚೆಕ್ ಅಲ್ಲಿ ಒಂದು ನಿಮಿಷದಲ್ಲಿ ಮುಗಿಯಿತು. ನನ್ನ ವರದಿಯಲ್ಲಿ ಎಂದಿನ ಸಾಲು ಬರೆದೆ: ವಾಹನದ ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ. ಗಾಡಿಯದು ತಪ್ಪಿಲ್ಲ ಅಂದರೆ ತಪ್ಪು ಯಾರ ತಲೆಗೆ ಬರುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗೆ ಸಿಕ್ಕಿಬಿದ್ದರೆ ಏನೇನಾಗುತ್ತೆ? ಸುಳ್ಳು ಹೇಳಿ ಪಡೆದ ಡಿಎಲ್ ಅನ್ನು ರದ್ದು ಮಾಡಿ, ಆ ವ್ಯಕ್ತಿಯನ್ನು ಅನರ್ಹ ಮಾಡುವ ಅಧಿಕಾರ 19ನೇ ಸೆಕ್ಷನ್‌ನಲ್ಲಿದೆ. ಅನರ್ಹ ಆದ ಮೇಲೂ ಓಡಿಸಿದರೆ, ಅಥವಾ ಗುಟ್ಟಾಗಿ ಇನ್ನೊಂದು ಡಿಎಲ್‌ಗೆ ಅರ್ಜಿ ಹಾಕಿದರೆ, ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದು ಚಿಕ್ಕ ಪೆಟ್ಟು. ದೊಡ್ಡದು ವಿಮೆಯದು. ಡಿಎಲ್ ಕಾಗದ ಅಸಲಿಯೇ ಇದ್ದರೂ ಅದನ್ನು ಕಾಯಿಲೆ ಮುಚ್ಚಿಟ್ಟು ಪಡೆದದ್ದು ಅಂತ ಗೊತ್ತಾದರೆ, ಹಣ ಕೊಡಲ್ಲ ಅಂತ ವಾದ ಮಾಡೋಕೆ ವಿಮಾ ಕಂಪನಿಗೆ ಒಂದು ದಾರಿ ಸಿಕ್ಕಿಬಿಡುತ್ತೆ. ಪೆಟ್ಟು ತಿಂದವರಿಗೆ ಕೋರ್ಟು ಪರಿಹಾರ ಕೊಡಿಸಬಹುದು. ಎಷ್ಟೋ ಕೇಸಿನಲ್ಲಿ 'ಮೊದಲು ನೀವು ಕೊಡಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ' ಅಂತ ವಿಮಾ ಕಂಪನಿಗೆ ಆದೇಶ ಆಗುತ್ತೆ. ಇಲ್ಲಿ ಮಾಲೀಕ ಯಾರು? ನಿಮ್ಮ ತಮ್ಮ. ಅವನೇ ಪೆಟ್ಟು ತಿಂದರೆ ಅವನ ಸ್ವಂತ ಕ್ಲೇಮೂ ಅನುಮಾನ.

ಇನ್ನು ಯಾರಾದರೂ ಸತ್ತರೆ? ನಿರ್ಲಕ್ಷ್ಯದಿಂದ ಸಾವು ತಂದರೆ ಹಳೆಯ ಐಪಿಸಿಯಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷದವರೆಗೆ ಹೋಗಿದೆ. ಕಾಯಿಲೆ ಇದ್ದದ್ದು ಗೊತ್ತಿತ್ತು, ಗೊತ್ತಿದ್ದೂ ಬರೆಯಲಿಲ್ಲ ಅನ್ನೋದಕ್ಕೆ ಅವನ ಸಹಿಯೇ ಸಾಕ್ಷಿ ಆಗುತ್ತೆ. ಫಿಟ್ಸ್ ಬಂದದ್ದು ಯಾರ ತಪ್ಪೂ ಅಲ್ಲ. ಆದರೆ ಆ ಸಹಿ ಇದ್ದ ಮೇಲೆ ಹಾಗಂತ ಹೇಳೋಕೆ ಬಾಯಿ ಬರಲ್ಲ.

ಮಾವನವರ ಮಾತು ಇನ್ನೊಂದು ತುದಿ. ಒಂದು ಸಲ ಬಂದರೆ ಜೀವಮಾನಕ್ಕೆ ಇಲ್ಲ ಅನ್ನೋದು ತಪ್ಪು. ಫಾರಂ ಕೇಳೋದು 'ಇದೆಯಾ' ಅಂತ, 'ಯಾವತ್ತಾದರೂ ಇತ್ತಾ' ಅಂತ ಅಲ್ಲ. ಚಿಕ್ಕ ಮಕ್ಕಳಿಗೆ ಜ್ವರ ನೆತ್ತಿಗೇರಿದಾಗ ಬರುವ ಫಿಟ್ಸ್ ಮೂರ್ಛೆ ರೋಗವೇ ಅಲ್ಲ. ಮೂರು ವರ್ಷದಲ್ಲಿ ಹಾಗೆ ಒಂದು ಸಲ ಬಂದಿತ್ತು, ಆಮೇಲೆ ಏನೂ ಇಲ್ಲ ಅನ್ನುವವರು ಧೈರ್ಯವಾಗಿ 'ಇಲ್ಲ' ಅಂತ ಬರೆಯಬಹುದು, ಅದು ಸತ್ಯ. ಮೂರ್ಛೆ ರೋಗವೇ ಇದ್ದವರಿಗೂ ಅದು ಮುಗಿದ ಲೆಕ್ಕಕ್ಕೆ ಬರುವ ಗಡಿ ಒಂದಿದೆ. ಮೂರ್ಛೆ ರೋಗದ ತಜ್ಞರ ಅಂತರರಾಷ್ಟ್ರೀಯ ಸಂಘ 2014ರಲ್ಲಿ ಹೇಳಿದ್ದು ಇದು: ಹತ್ತು ವರ್ಷ ಒಂದೂ ಫಿಟ್ಸ್ ಇಲ್ಲದೆ, ಅದರಲ್ಲಿ ಕೊನೆಯ ಐದು ವರ್ಷ ಮಾತ್ರೆಯೂ ಇಲ್ಲದೆ ಇದ್ದರೆ ಕಾಯಿಲೆ ತೀರಿದೆ ಅಂತ ಪರಿಗಣಿಸಬಹುದು. ಕೆಲವು ಬಗೆಯ ಮೂರ್ಛೆ ರೋಗ ಇಂಥ ವಯಸ್ಸಿನವರೆಗೆ ಅಂತಲೇ ಇರುತ್ತೆ. ಆ ವಯಸ್ಸು ದಾಟಿದರೂ ಅಷ್ಟೇ. ಅಂಥವರಿಗೆ ನ್ಯೂರಾಲಜಿಸ್ಟ್, ಅಂದರೆ ನರರೋಗ ತಜ್ಞರು, ಹಾಗಂತ ಬರೆದುಕೊಟ್ಟರೆ ಫಾರಂನಲ್ಲಿ 'ಇಲ್ಲ' ಅನ್ನೋದು ಸುಳ್ಳಾಗಲ್ಲ.

ನಿಮ್ಮ ತಮ್ಮ ಆ ಗಡಿಯೊಳಗೆ ಇನ್ನೂ ಬಂದಿಲ್ಲ. ನಾಲ್ಕು ವರ್ಷ ಫಿಟ್ಸ್ ಇಲ್ಲ ಅನ್ನೋದು ಬಹಳ ಒಳ್ಳೇ ಸುದ್ದಿ, ಆದರೆ ದಿನಾ ರಾತ್ರಿ ಮಾತ್ರೆ ಇದೆ. ಇವತ್ತಿನ ಲೆಕ್ಕಕ್ಕೆ ಪ್ರಾಮಾಣಿಕ ಉತ್ತರ 'ಹೌದು' ಅಂತಲೇ.

ಪಕ್ಕದ ಮನೆಯವರದು ನನಗೆ ಇಷ್ಟವಾದ ಪ್ರಶ್ನೆ. ಕಿವಿ ಕೇಳದವರಿಗೆ ಕೊಡೋದು ನಿಜ. 2011ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ಆದೇಶ ಕೊಟ್ಟಿತು, 2016ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಸ್ವಂತ ವಾಹನಕ್ಕೆ ಕೊಡಬಹುದು ಅಂತ ರಾಜ್ಯಗಳಿಗೆ ತಿಳಿಸಿತು. ಗಾಡಿ ಓಡಿಸೋದು ಮುಖ್ಯವಾಗಿ ಕಣ್ಣಿನ ಕೆಲಸ, ಕಿವಿಯದು ಕಮ್ಮಿ ಅನ್ನೋದು ಅದರ ಹಿಂದಿನ ತರ್ಕ. 2020ರ ಜೂನ್‌ನಲ್ಲಿ ಬಣ್ಣಗುರುಡಿನ ನಿಯಮವನ್ನೂ ಸಡಿಲ ಮಾಡಿದರು. ಸೌಮ್ಯ, ಮಧ್ಯಮ ಮಟ್ಟದ ಬಣ್ಣಗುರುಡು ಇದ್ದವರಿಗೆ ಈಗ ಸಿಗುತ್ತೆ, ತೀವ್ರವಾಗಿದ್ದರೆ ಇಲ್ಲ. ಒಂದು ಕಾಲು ಇಲ್ಲದವರಿಗೆ, ಕಾಲಿನಲ್ಲಿ ಬಲ ಇಲ್ಲದವರಿಗೆ ಅವರಿಗೆ ತಕ್ಕ ಹಾಗೆ ಮಾರ್ಪಡಿಸಿದ ಗಾಡಿಗೆ ಅಂತ ಲೈಸೆನ್ಸ್ ಕೊಡಲು ಕಾಯ್ದೆಯಲ್ಲೇ ದಾರಿ ಇದೆ. ಹಿಂದೆ ಎರಡು ಚಕ್ರ ಜಾಸ್ತಿ ಕೂರಿಸಿದ ಸ್ಕೂಟರ್‌ನಲ್ಲಿ ಬಂದು ಟ್ರ್ಯಾಕ್ ಮೇಲೆ ಎರಡು ಕಾಲಿನವರಿಗಿಂತ ಚೆಂದ ಓಡಿಸಿ ತೋರಿಸಿದವರನ್ನು ನಾನೇ ಪಾಸ್ ಮಾಡಿದ್ದೇನೆ.

ಹಾಗಾದರೆ ಫಿಟ್ಸ್‌ಗೆ ಯಾಕಿಲ್ಲ? ಕಿವಿ ಕೇಳದವನಿಗೆ ಟೆಸ್ಟ್ ದಿನವೂ ಕೇಳಲ್ಲ, ಮಳೆ ದಿನವೂ ಕೇಳಲ್ಲ. ಅದಕ್ಕೆ ಅವನು ಹೊಂದಿಕೊಂಡಿರುತ್ತಾನೆ, ಕನ್ನಡಿ ಜಾಸ್ತಿ ನೋಡುತ್ತಾನೆ, ನಾವೂ ಅದನ್ನು ಟ್ರ್ಯಾಕ್ ಮೇಲೆ ನೋಡಿ ತೀರ್ಮಾನ ಮಾಡಬಹುದು. ಫಿಟ್ಸ್ ಹಾಗಲ್ಲ. ಬಾರದ ದಿನ ಅವನು ಎಲ್ಲರ ಹಾಗೇ, ಎಲ್ಲರಿಗಿಂತ ಜಾಗ್ರತೆಯಾಗಿ ಓಡಿಸುತ್ತಾನೆ. ಬಂದ ದಿನ ಅಲ್ಲಿ ಓಡಿಸುವವನೇ ಇರಲ್ಲ. ಟೆಸ್ಟ್ ಮಾಡೋಕೆ ಆಗದ್ದನ್ನು ಕಾನೂನು ಸುಮ್ಮನೆ ಬೇಡ ಅಂದುಬಿಟ್ಟಿದೆ.

ಇದು ನ್ಯಾಯವಾ ಅಂತ ಕೇಳಿದರೆ, ನನ್ನ ಅಭಿಪ್ರಾಯದಲ್ಲಿ ಅಲ್ಲ. ಬ್ರಿಟನ್‌ನಲ್ಲಿ ಕಾರು, ಬೈಕಿಗೆ ಸಾಮಾನ್ಯವಾಗಿ ಒಂದು ವರ್ಷ ಫಿಟ್ಸ್ ಇಲ್ಲದೇ ಇದ್ದರೆ ಲೈಸೆನ್ಸ್ ಕೊಡುತ್ತಾರೆ, ಮಾತ್ರೆ ತಗೊಳ್ಳುತ್ತಿದ್ದರೂ ಸರಿ. ಲಾರಿ, ಬಸ್ಸಿಗೆ ಹತ್ತು ವರ್ಷ, ಅದೂ ಮಾತ್ರೆ ಇಲ್ಲದೆ. ಅಮೆರಿಕದಲ್ಲಿ ಒಂದೊಂದು ರಾಜ್ಯದಲ್ಲಿ ಒಂದೊಂದು ಲೆಕ್ಕ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಹೀಗೆ. ನಮ್ಮಲ್ಲೂ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಅಂತ ಇತ್ತು, 1999ರಲ್ಲಿ ಆ ಪದವನ್ನೇ ತೆಗೆದುಹಾಕಿದರು. ಮದುವೆ ಕಾನೂನು ಬದಲಾಗಿ ಇಷ್ಟು ವರ್ಷ ಆದರೂ ಗಾಡಿಯ ಫಾರಂ ಮಾತ್ರ ಹಾಗೇ ಕೂತಿದೆ. ನಿಮ್ಮ ತಮ್ಮ ಬ್ರಿಟನ್‌ನಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಓಡಿಸುತ್ತಿದ್ದ ಅನ್ನೋದನ್ನು ನಾನು ಮುಚ್ಚಿಡಲ್ಲ. ಆದರೆ ಅವನು ಸಹಿ ಹಾಕಬೇಕಾಗಿರೋದು ಇಲ್ಲಿನ ಫಾರಂಗೆ.

ಡಾಕ್ಟರು ಯಾಕೆ ಬರೆದುಕೊಡಲಿಲ್ಲ ಅನ್ನೋದೂ ಈಗ ಅರ್ಥ ಆಗಿರಬಹುದು. 'ಓಡಿಸಬಹುದು' ಅಂತ ಬರೆದರೆ ಅವರು ಕಾನೂನಿನ ಎದುರು ನಿಂತ ಹಾಗಾಗುತ್ತೆ, ನಾಳೆ ಏನಾದರೂ ಆದರೆ ಅವರ ಸಹಿ ಎದ್ದು ಕೂರುತ್ತೆ. ಆದ್ದರಿಂದ ಕೇಳುವ ರೀತಿ ಬದಲಿಸಿ. ಲೈಸೆನ್ಸ್ ಕೊಡಬಹುದು ಅಂತ ಬರೆಯಿರಿ ಅನ್ನಬೇಡಿ. ಯಾವ ಬಗೆಯ ಫಿಟ್ಸ್, ಕೊನೇ ಸಲ ಬಂದ ದಿನಾಂಕ, ನಿದ್ದೆಯಲ್ಲಿ ಮಾತ್ರ ಬರುತ್ತಿತ್ತಾ ಎಚ್ಚರ ಇದ್ದಾಗಲೂ ಬರುತ್ತಿತ್ತಾ, ಬರುವ ಮುಂಚೆ ಮುನ್ಸೂಚನೆ ಗೊತ್ತಾಗುತ್ತಿತ್ತಾ, ಯಾವ ಮಾತ್ರೆ ಎಷ್ಟು, ಮೆದುಳಿನ ಇಇಜಿ ಪರೀಕ್ಷೆ ಏನು ಹೇಳುತ್ತೆ ಅನ್ನೋದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಡಿ ಅಂತ ಕೇಳಿ. ಇದಕ್ಕೆ ಯಾವ ಡಾಕ್ಟರೂ ಹಿಂಜರಿಯೋದು ಕಮ್ಮಿ. ಹೋಗಬೇಕಾಗಿರೋದು ನ್ಯೂರಾಲಜಿಸ್ಟ್ ಹತ್ತಿರ, ಬೀದಿ ಕೊನೆಯ ಕ್ಲಿನಿಕ್‌ಗೆ ಅಲ್ಲ.

ಆ ಕಾಗದ ಕೈಯಲ್ಲಿದ್ದರೆ ಒಂದು ದಾರಿ ಇದೆ, ಕಿರಿದಾದ ದಾರಿ. ಫಾರಂ 1ರ ಕೆಳಗೆ ಒಂದು ಟಿಪ್ಪಣಿ ಇದೆ, ಯಾರೂ ಓದಲ್ಲ. ಇಂಥ ಪ್ರಶ್ನೆಗೆ 'ಹೌದು' ಅಂದವರು ಪೂರ್ತಿ ವಿವರ ಕೊಡಬೇಕು, ಇನ್ನಷ್ಟು ಮಾಹಿತಿ ಕೇಳಬಹುದು ಅಂತ ಅದರಲ್ಲಿದೆ. ಅಂದರೆ 'ಹೌದು' ಅಂದ ತಕ್ಷಣ ಬಾಗಿಲು ಮುಚ್ಚಬೇಕು ಅಂತ ಫಾರಂ ಹೇಳಲ್ಲ. 'ಹೌದು' ಅಂತ ಬರೆದು, ನ್ಯೂರಾಲಜಿಸ್ಟ್ ಕಾಗದ ಲಗತ್ತಿಸಿ ಅರ್ಜಿ ಹಾಕಬಹುದು. ಆಗ ಅಧಿಕಾರಿ ಏನು ಮಾಡುತ್ತಾರೆ? ನಿಜ ಹೇಳಬೇಕಂದರೆ ಬಹಳ ಮಟ್ಟಿಗೆ ತಿರಸ್ಕರಿಸುತ್ತಾರೆ. ಆ ಕುರ್ಚಿಯಲ್ಲಿ ಕೂತು ನಾನೂ ಅದನ್ನೇ ಮಾಡಿದ್ದೇನೆ. ಆದರೆ ಬಾಯಿಮಾತಲ್ಲಿ 'ಆಗಲ್ಲ ಹೋಗ್ರೀ' ಅಂದರೆ ಎದ್ದು ಬರಬೇಡಿ. ಕಾರಣ ಸಮೇತ ಲಿಖಿತ ಆದೇಶ ಕೇಳಿ. 17ನೇ ಸೆಕ್ಷನ್ ಪ್ರಕಾರ ಕಾರಣ ಬರೆದು ತಿಳಿಸಬೇಕು, ಅದು ಕೈಗೆ ಸಿಕ್ಕ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ. ಕಿವಿ ಕೇಳದವರು ಗೆದ್ದದ್ದು ಹಾಗೇ. ಆದರೆ ಖರ್ಚು, ಓಡಾಟ, ವರ್ಷಗಟ್ಟಲೆ ಕಾಯೋದು ಎಲ್ಲ ಇದೆ. ಮುಂದಿನ ತಿಂಗಳು ಕೆಲಸಕ್ಕೆ ಸೇರಬೇಕಾದವನಿಗೆ ಇದರಿಂದ ಉಪಯೋಗ ಇಲ್ಲ, ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ದಾರಿ ಕಾಯೋದು. ಮೇಲೆ ಹೇಳಿದ ಹತ್ತು ವರ್ಷ, ಐದು ವರ್ಷದ ಲೆಕ್ಕ ತುಂಬುವವರೆಗೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಯವಿಟ್ಟು ಆ ಐದು ವರ್ಷ ಬೇಗ ಶುರು ಆಗಲಿ ಅಂತ ಅವನೇ ಮಾತ್ರೆ ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಲೈಸೆನ್ಸ್ ಆಸೆಗೆ ಮಾತ್ರೆ ಬಿಟ್ಟು, ನಾಲ್ಕು ವರ್ಷ ಬಾರದ ಫಿಟ್ಸ್ ಮೂರೇ ವಾರದಲ್ಲಿ ಬಂದ ಹುಡುಗನನ್ನು ನೋಡಿದ್ದೇನೆ. ಪುಣ್ಯಕ್ಕೆ ಮನೆಯ ಹಜಾರದಲ್ಲಿ ಬಂತು. ಮಾತ್ರೆ ಕಮ್ಮಿ ಮಾಡುವ ಕಾಲವೇ ಹೆಚ್ಚು ಅಪಾಯದ ಕಾಲ. ಅದು ನ್ಯೂರಾಲಜಿಸ್ಟ್ ಹೇಳಿದ ಹಾಗೆ, ತಿಂಗಳುಗಟ್ಟಲೆ ನಿಧಾನವಾಗಿ ಆಗಬೇಕು. ಕೆಲವರು ಜೀವನ ಪೂರ್ತಿ ಮಾತ್ರೆ ತಗೊಳ್ಳಬೇಕಾಗುತ್ತೆ, ಅವರಿಗೆ ಈ ದಾರಿ ಇಲ್ಲವೇ ಇಲ್ಲ.

ನಿಧಾನ ವೇಗದ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಿ, ಅದಕ್ಕೆ ಡಿಎಲ್ ಬೇಕಿಲ್ಲ ಅಂತ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಗಂಟೆಗೆ 25 ಕಿ.ಮೀ. ಒಳಗಿನ ವೇಗ, 250 ವ್ಯಾಟ್‌ಗಿಂತ ಕಮ್ಮಿ ಮೋಟಾರ್ ಇದ್ದು ನಿಯಮಗಳಿಗೆ ಹೊಂದುವ ಗಾಡಿ ಮೋಟಾರು ವಾಹನದ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಡಿಎಲ್ ಬೇಕಿಲ್ಲ. ನಿಜ. ಆದರೆ ಡಿಎಲ್ ಬೇಡ ಅಂದ ಮಾತ್ರಕ್ಕೆ ಫಿಟ್ಸ್ ಬರಲ್ಲ ಅಂತ ಅಲ್ಲ. 25ರಲ್ಲಿ ಹೋಗುವವನ ಹಿಂದೆ ಲಾರಿ 60ರಲ್ಲಿ ಬರುತ್ತಿರುತ್ತೆ. ನ್ಯೂರಾಲಜಿಸ್ಟ್ ಹತ್ತಿರ ಹೋದಾಗ ಇದನ್ನೂ ಬಾಯಿಬಿಟ್ಟು ಕೇಳಿ, ಸೈಕಲ್ ಬಗ್ಗೆಯೂ ಕೇಳಿ. ಅವರು ಹೂಂ ಅಂದರೆ ಹೆಲ್ಮೆಟ್ ಹಾಕಿ, ಒಳರಸ್ತೆಯಲ್ಲಿ.

ಕೆಲಸದ ಕಡೆ ಒಮ್ಮೆ ಮಾತಾಡಿ ನೋಡಿ. ಬೈಕ್ ಇರಲೇಬೇಕು ಅಂತ ಬರೆದ ಎಷ್ಟೋ ಕೆಲಸಗಳಲ್ಲಿ ನಿಜಕ್ಕೂ ಬೇಕಾಗಿರೋದು ಹೊತ್ತಿಗೆ ಸರಿಯಾಗಿ ಬಂದು ಹೋಗುವ ಮನುಷ್ಯ. ಬಸ್ಸಿನಲ್ಲಿ ಬರ್ತೀನಿ, ಒಳಗಿನ ಕೆಲಸ ಕೊಡಿ ಅಂದರೆ ಕೆಲವರು ಒಪ್ಪುತ್ತಾರೆ. ಆದರೆ ದಿನವಿಡೀ ಬೈಕ್ ಮೇಲೇ ಸುತ್ತುವ, ರಾತ್ರಿ ಪಾಳಿ ಇರುವ ಕೆಲಸವಾದರೆ, ಡಿಎಲ್ ಸಿಕ್ಕಿದರೂ ಬೇಡ ಅನ್ನುತ್ತೇನೆ. ನಿದ್ದೆಗೆಡೋದು, ಹೊತ್ತಿಗೆ ಮಾತ್ರೆ ತಪ್ಪೋದು, ಇವೆರಡೇ ಸಾಕು, ಮಲಗಿದ್ದ ಫಿಟ್ಸ್ ಎದ್ದು ಬರೋಕೆ.

ಹೇಳೋದು ಮರೆತಿದ್ದೆ. ಈಗಾಗಲೇ ಡಿಎಲ್ ಇರುವವರಿಗೆ ಆಮೇಲೆ ಫಿಟ್ಸ್ ಶುರುವಾದರೂ ಇದೇ ಕಥೆ. 16ನೇ ಸೆಕ್ಷನ್ ಪ್ರಕಾರ ಇಂಥ ಕಾಯಿಲೆ ಬಂದರೆ ಡಿಎಲ್ ಅನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ತನಗೆ ಅಪಾಯಕಾರಿ ಕಾಯಿಲೆ ಇದೆ ಅಂತ ಗೊತ್ತಿದ್ದೂ ಓಡಿಸಿದರೆ 186ನೇ ಸೆಕ್ಷನ್ ಕೆಳಗೆ ಮೊದಲ ಸಲ 1,000, ಆಮೇಲೆ 2,000 ರೂಪಾಯಿ ದಂಡ. ದಂಡ ಚಿಕ್ಕದು ಅಂತ ನಗಬೇಡಿ, ಆ ಸೆಕ್ಷನ್ ಚಾರ್ಜ್‌ಶೀಟ್‌ನಲ್ಲಿ ಸೇರಿದರೆ 'ಗೊತ್ತಿತ್ತು' ಅನ್ನುವ ಪದ ಸೇರಿದ ಹಾಗೆ.

ಇನ್ನು ಮಗನ ವಿಷಯ. 'ಗೇರ್ ಇಲ್ಲದ ಸ್ಕೂಟರ್‌ಗೆ 16ಕ್ಕೆ ಲೈಸೆನ್ಸ್' ಅನ್ನೋದು ನಮ್ಮ ನಾಡಿನ ಪ್ರತಿ ಹೈಸ್ಕೂಲಿನಲ್ಲೂ ಓಡಾಡುವ ಅರ್ಧ ಸತ್ಯ. 4ನೇ ಸೆಕ್ಷನ್ ಹೇಳೋದು, ಇಂಜಿನ್ 50 ಸಿಸಿ ಮೀರದ ದ್ವಿಚಕ್ರ ವಾಹನವನ್ನು 16 ತುಂಬಿದವರು ಓಡಿಸಬಹುದು ಅಂತ. ಅದಕ್ಕೂ ತಂದೆ ತಾಯಿ ಒಪ್ಪಿಗೆ ಬರೆದು ಕೊಡಬೇಕು. ಅಲ್ಲಿ ಮುಖ್ಯ 50 ಸಿಸಿ ಅನ್ನೋ ಮಾತು. ನಿಮ್ಮ ಮನೆ ಮುಂದೆ ನಿಂತಿರುವ ಸ್ಕೂಟರ್ ಎಷ್ಟು ಸಿಸಿ? ಆರ್‌ಸಿ ತೆಗೆದು ನೋಡಿ. ಇವತ್ತು ಓಡಾಡುವ ಪೆಟ್ರೋಲ್ ಸ್ಕೂಟರ್‌ಗಳು ಬಹುಪಾಲು 110, 125. ಅವಕ್ಕೆ 18 ತುಂಬಲೇಬೇಕು, ಗೇರ್ ಇರಲಿ ಬಿಡಲಿ. 16ರ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು 125 ಸಿಸಿ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ.

ಇದರ ಶಿಕ್ಷೆ ಬರೋದು ಮಗನಿಗಿಂತ ಮೊದಲು ನಿಮಗೆ. 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಸೆಕ್ಷನ್ ಸೇರಿಸಿದರು. 18 ತುಂಬದ ಹುಡುಗ ಗಾಡಿ ಓಡಿಸಿ ಅಪರಾಧ ಆದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗಲ್ಲ. ಮಗನಿಗೆ ಜೈಲು, ದಂಡದ ಮಾತು ನಾಟದಿದ್ದರೆ ಈ ಕೊನೆಯದನ್ನು ಹೇಳಿ. ಸ್ನೇಹಿತರೆಲ್ಲ 18ಕ್ಕೆ ಬೈಕ್ ಏರುತ್ತಾರೆ, ಇವನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅವರ ಹಿಂದೆ ಕೂತು ಹೋಗಬೇಕು.

ನೀವು ಮಾಡಬೇಕಾದ್ದು ಒಂದಿದೆ. ಆ ಸೆಕ್ಷನ್‌ನಲ್ಲಿ, ಹುಡುಗ ಗಾಡಿ ತೆಗೆದದ್ದು ಪೋಷಕರ ಒಪ್ಪಿಗೆಯಿಂದಲೇ ಅಂತ ಕೋರ್ಟ್ ಮೊದಲೇ ಭಾವಿಸಿಕೊಳ್ಳಬೇಕು ಅಂತಿದೆ. ನನಗೆ ಗೊತ್ತಿರಲಿಲ್ಲ, ನಾನು ಎಚ್ಚರಿಕೆ ವಹಿಸಿದ್ದೆ ಅನ್ನೋದನ್ನು ನೀವೇ ಸಾಬೀತು ಮಾಡಬೇಕು. ಹಾಗಾಗಿ ಸ್ಕೂಟರ್ ಕೀ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದರೆ ಇವತ್ತೇ ತೆಗೆದು ಬೀರುವಿನೊಳಗಿಡಿ, ಬೀರುವಿನ ಕೀ ನಿಮ್ಮ ಹತ್ತಿರ ಇರಲಿ.